"ಪೆರು ಜೈಂಟ್ ಗಿನಿಪಿಗ್" ಅಂತ ದಾವಣಗೆರೇಲಿ ಮಾರ್ತಿದಾರೆ, ತಗೋಳೋಕೆ ಮುಂಚೆ ನಮಗಾಗಿದ್ದನ್ನ ಓದ್ರಿ

ಮೊನ್ನೆ ಭಾನುವಾರ ಅದೇ ಫೋಟೋ ಮತ್ತೆ ನನ್ನ ಫೋನಿಗೆ ಬಂತು. ಒಬ್ಬ ಹುಡುಗ ಎರಡೂ ಕೈಲಿ ಎತ್ತಿ ಹಿಡಿದಿರೋ, ಮೊಲಕ್ಕಿಂತ ದಪ್ಪ ಇರೋ ಕಂದು ಬಿಳಿ ಗಿನಿಪಿಗ್, ಕೆಳಗೆ "ಪೆರು ಜೈಂಟ್, ಜೋಡಿ 8,500, ದಾವಣಗೆರೆ ಹರಿಹರ ಡೆಲಿವರಿ ಫ್ರೀ" ಅಂತ. ನಾವು ತಗೊಂಡಾಗ ಜೋಡಿಗೆ 7,000 ಇತ್ತು. ಅದನ್ನ ನೋಡಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದ್ರಿ.

ಯುಗಾದಿ ಆದ ಮಾರನೇ ವಾರ. ಮಗಳು ಆರನೇ ಕ್ಲಾಸು, ವರ್ಷದಿಂದ ಗಿನಿಪಿಗ್ ಬೇಕು ಅಂತಿದ್ಲು, ಪರೀಕ್ಷೆ ಮುಗೀತು ಅಂತ ನಮ್ಮನೆಯವ್ರೂ ಒಪ್ಪಿದ್ರು. ಹರಿಹರ ರಸ್ತೆ ಕಡೆ ಊರ ಹೊರಗೆ ಆ ಮಾರೋನ ಶೆಡ್ಡು. ಮೇಲೆ ತಗಡಿನ ಶೀಟು, ಮಧ್ಯಾಹ್ನ ಒಂದೂವರೆ, ಒಳಗೆ ಹೋದ ತಕ್ಷಣ ಮುಖಕ್ಕೆ ಬಿಸಿ ಹೊಡೀತು. ಕೋಳಿ ಗೂಡಿನ ಥರ ತಂತಿ ಜಾಲರಿ ಗೂಡುಗಳು, ಒಂದರ ಮೇಲೊಂದು, ಒಟ್ಟು ಇಪ್ಪತ್ತೈದು ಮೂವತ್ತು ಪ್ರಾಣಿ ಇರಬಹುದು. ನೆಲಾನೂ ತಂತೀನೇ, ಹುಲ್ಲಿಲ್ಲ, ಒಂದು ತಟ್ಟೇಲಿ ಮಂಡಕ್ಕಿ. ಹೌದು, ನಾವು ಮಿರ್ಚಿ ಜೊತೆ ತಿನ್ನೋ ಮಂಡಕ್ಕೀನೇ. "ಅವಕ್ಕೆ ಇದೇ ಸಾಕು ಅಕ್ಕಾ, ಚೆನ್ನಾಗಿ ಮೈ ಹಿಡೀತಾವೆ" ಅಂದ.

ಮೂಲೆ ಗೂಡಲ್ಲಿ ಒಂದು ದಪ್ಪಂದು ಬಾಯಿ ಸ್ವಲ್ಪ ತೆರೆದುಕೊಂಡು ಏದುಸಿರು ಬಿಡ್ತಾ ಮಲಗಿತ್ತು, ಅಂಗಾಲು ಕೆಂಪಗಾಗಿ ಹುಣ್ಣಾಗಿದ್ವು. ಅದರ ಜೊತೆ ಒಂದು ಸಣ್ಣದು. "ಇದೇ ನೋಡಕ್ಕಾ ಪೆರು ಜೈಂಟು, ಇನ್ನೂ 6 ತಿಂಗಳ ಮರಿ, 3 ಕೆಜಿ ಆಗ್ತೈತೆ, ಎರಡೂ ಗಂಡು, ಮರಿ ಹಾಕೋ ತಾಪತ್ರಯ ಇಲ್ಲ." ನಂಗೆ ಜಾತಿ ಗೀತಿ ತಲೆಗೆ ಹೋಗ್ಲೇ ಇಲ್ಲ, ಅದರ ಕಾಲು ನೋಡಿ ಕರುಳು ಕಿತ್ತು ಬಂತು, ಇಲ್ಲಿ ಬಿಟ್ಟು ಹೋದ್ರೆ ಇದು ಏಪ್ರಿಲ್ ದಾಟಲ್ಲ ಅನ್ನಿಸ್ತು, ದುಡ್ಡು ಕೊಟ್ಟು ತಂದ್ಬಿಟ್ವಿ. ಕಾಪಾಡಿದ್ವಿ ಅಂತಾನೇ ಅಂದ್ಕೊಂಡೆ. ನಾಲ್ಕು ದಿನ ಆದ್ಮೇಲೆ ಏನೋ ಕೇಳೋಕೆ ಅಂತ ಮತ್ತೆ ಹೋದಾಗ ಅದೇ ಮೂಲೆ ಗೂಡಲ್ಲಿ ಬೇರೆ ಎರಡು ಕೂತಿದ್ವು. ನನ್ನ 7,000 ಆ ಗೂಡನ್ನ ಮತ್ತೆ ತುಂಬಿಸಿತ್ತು. ಆವತ್ತು ವಾಪಸ್ ಬರುವಾಗ ಗಾಡೀಲಿ ನಾನು ಒಂದು ಮಾತೂ ಆಡ್ಲಿಲ್ಲ.

ದೊಡ್ಡದಕ್ಕೆ ಮಗಳು ಭೀಮ ಅಂತ ಹೆಸರಿಟ್ಲು, ಸಣ್ಣದು ಪುಟ್ಟ. ತರಕಾರಿ ತೂಗೋ ತಕ್ಕಡೀಲಿ ಇಟ್ರೆ ಭೀಮ 1,450 ಗ್ರಾಂ.

ಈಗ ಈ "ಪೆರು" ಅನ್ನೋದರ ಬಗ್ಗೆ ಹೇಳ್ತೀನಿ, ಯಾಕಂದ್ರೆ ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅದೇ ಮೋಸ ಆಗೋ ಜಾಗ. ದೊಡ್ಡ ಗಿನಿಪಿಗ್ ನಿಜವಾಗ್ಲೂ ಇವೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಜನ ಸಾವಿರಾರು ವರ್ಷದಿಂದ ಇವನ್ನ ಮಾಂಸಕ್ಕೆ ಸಾಕ್ತಾರೆ, ಅಲ್ಲಿ ಹೆಸರು ಕುಯ್, ಅದು ಕೂಗೋ ಸದ್ದೇ ಹೆಸರಾಯ್ತು ಅಂತಾರೆ. ಪೆರು ದೇಶದ ಕೃಷಿ ವಿಶ್ವವಿದ್ಯಾಲಯ, ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯವ್ರು 1960ರ ದಶಕದಿಂದ ದಪ್ಪ ದಪ್ಪ ತಳಿ ಆರಿಸಿ ಬೆಳೆಸಿದ್ರು, ಅದರಲ್ಲಿ ಒಂದು ತಳಿಯ ಹೆಸರೇ ಪೆರು, ಇನ್ನು ಆಂಡಿನಾ, ಇಂತಿ ಅಂತ ಇವೆ. ಎರಡು ತಿಂಗಳಿಗೇ ಕೆಜಿ ಹತ್ತಿರ ಬರ್ತವೆ, ದೊಡ್ಡವಾದ್ರೆ 2 ಕೆಜಿ ದಾಟ್ತವೆ. ನಮ್ಮ ಕಡೆ ಮನೇಲಿ ಸಾಕೋ ಮಾಮೂಲಿ ಗಿನಿಪಿಗ್ 700 ಗ್ರಾಂನಿಂದ 1,200 ಗ್ರಾಂ ಒಳಗೆ. ಆ ದೊಡ್ಡ ತಳಿಯವಕ್ಕೆ ಎಷ್ಟೋ ಸಲ ಕಾಲ್ಬೆರಳು ಜಾಸ್ತಿ ಇರ್ತವೆ, ಮಾಮೂಲಿಯವಕ್ಕೆ ಮುಂದೆ ನಾಲ್ಕು ಹಿಂದೆ ಮೂರು. ಬೆರಳೊಂದೇ ನಂಬೋ ಹಾಗೂ ಇಲ್ಲ, ಮಾಮೂಲಿಯಲ್ಲೂ ಅಪರೂಪಕ್ಕೆ ಜಾಸ್ತಿ ಬೆರಳು ಬರ್ತವೆ. ಬೇರೆ ದೇಶದಲ್ಲಿ ಕೆಲವರು ಮಾಂಸಕ್ಕೆ ಹೋಗೋ ಕುಯ್‌ಗಳನ್ನ ಬಿಡಿಸಿ ತಂದು ಸಾಕ್ತಾರೆ, ಅವ್ರ ಅನುಭವ ಓದಿದೆ. ತುಂಬಾ ಗಾಬರಿ ಸ್ವಭಾವ, ಎತ್ತಿಕೊಂಡ್ರೆ ಕೈಯಿಂದ ಜಿಗಿದು ಕಾಲು ಮುರ್ಕೊಳ್ತವೆ, ಗೂಡು ಮಾಮೂಲಿಗಿಂತ ಬಹಳ ದೊಡ್ಡದು ಬೇಕು, ಆಯಸ್ಸೂ ಕಮ್ಮಿ. ಮಕ್ಕಳ ತೊಡೆ ಮೇಲೆ ಕೂತ್ಕೊಳ್ಳೋ ಪ್ರಾಣಿ ಅಲ್ಲ.

ಇದನ್ನೆಲ್ಲಾ ನಾನು ಓದಿದ್ದು ಆಮೇಲೆ. ಓದಿ ಭೀಮನ ಬೆರಳು ಎಣಿಸಿದೆ. ನಾಲ್ಕು, ಮೂರು.

ಅಷ್ಟರಲ್ಲಿ ಪುಟ್ಟ ಹೋಗಿತ್ತು. ಬಂದ ಐದನೇ ದಿನ ಸೀನೋಕೆ ಶುರು ಮಾಡ್ತು, ಮೂಗಲ್ಲಿ ನೀರು. ಮೆಡಿಕಲ್ ಶಾಪಲ್ಲಿ ಕೇಳಿದೆ, ಮಕ್ಕಳಿಗೆ ಕೊಡೋ ಅಮಾಕ್ಸಿಸಿಲಿನ್ ಸಿರಪ್ ಕೊಟ್ರು, ಎರಡೆರಡು ಹನಿ ಹಾಕಿ ಅಂದ್ರು. ನಾನೇ ನನ್ನ ಕೈಯಾರೆ ಹಾಕಿದೆ, ಮೂರು ದಿನ. ನಾಲ್ಕನೇ ದಿನ ನೀರು ನೀರಾಗಿ ಭೇದಿ, ಮೈ ತಣ್ಣಗೆ, ಸಂಜೆ ಹೊತ್ತಿಗೆ ಮಗಳ ಟವೆಲ್ಲಿನೊಳಗೇ ಪ್ರಾಣ ಬಿಡ್ತು. ದಯವಿಟ್ಟು ಇದನ್ನ ನೆನಪಿಟ್ಕೊಳ್ರಿ, ಪೆನಿಸಿಲಿನ್ ಗುಂಪಿನ ಔಷಧಿ, ಅಮಾಕ್ಸಿಸಿಲಿನ್ ಆಂಪಿಸಿಲಿನ್ ಎಲ್ಲಾ ಅದರಲ್ಲೇ ಬರ್ತವೆ, ಗಿನಿಪಿಗ್ ಬಾಯಿಗೆ ಹಾಕಂಗೇ ಇಲ್ಲ. ಅವುಗಳ ಕರುಳಲ್ಲಿ ಹುಲ್ಲು ಅರಗಿಸೋ ಒಳ್ಳೇ ಬ್ಯಾಕ್ಟೀರಿಯಾ ಇರ್ತವೆ, ಈ ಔಷಧಿ ಅವನ್ನ ಕೊಲ್ಲುತ್ತೆ, ಜಾಗ ಖಾಲಿ ಆದಾಗ ಕೆಟ್ಟವು ಬೆಳೆದು ವಿಷ ಬಿಡ್ತವೆ. ನಮಗೆ ನಿಮಗೆ ಒಳ್ಳೇದು ಮಾಡೋ ಸಿರಪ್ಪೇ ಅವಕ್ಕೆ ವಿಷ. ನಂಗೆ ಗೊತ್ತಿರ್ಲಿಲ್ಲ, ಗೊತ್ತಿರ್ಲಿಲ್ಲ ಅನ್ನೋದು ಪುಟ್ಟನಿಗೆ ಏನು ಮಾಡ್ತು ಹೇಳ್ರಿ.

ಭೀಮ ಒಂಟಿ ಆಯ್ತು. ಗುಂಪಲ್ಲಿರೋ ಪ್ರಾಣಿ ಅದು, ಎರಡು ದಿನ ಸರಿಯಾಗಿ ತಿನ್ಲಿಲ್ಲ. ಮಂಡಕ್ಕಿ ಬಿಡಿಸಿ ಗರಿಕೆ, ಹಸಿ ಹುಲ್ಲು, ಕೊತ್ತಂಬರಿ, ದೊಣ್ಣೆ ಮೆಣಸಿನಕಾಯಿ, ಪೇರಲ ಹಣ್ಣು ಶುರು ಮಾಡಿದೆ. ಮನುಷ್ಯರ ಥರಾನೇ ಇವಕ್ಕೂ ಮೈಯಲ್ಲಿ ವಿಟಮಿನ್ ಸಿ ತಯಾರಾಗಲ್ಲ, ದಿನಾ ಹೊರಗಿಂದ ಸಿಗಬೇಕು, ಕೆಜಿ ತೂಕಕ್ಕೆ 10ರಿಂದ 30 ಮಿಲಿಗ್ರಾಂ, ಬಸುರಿಗೆ ಇನ್ನೂ ಬೇಕು. ಬರೀ ಮಂಡಕ್ಕಿ ತಿಂದ್ಕೊಂಡಿದ್ದ ಪ್ರಾಣಿಗೆ ಅದು ಎಲ್ಲಿಂದ ಬರಬೇಕು? ಒಸಡಲ್ಲಿ ರಕ್ತ, ಕೀಲು ನೋವು, ಹೆಜ್ಜೆ ಎತ್ತಿಡೋಕೇ ಕಷ್ಟ. ಸೋಮಾರಿ ಜಾತಿ ಅಂದಿದ್ದ ಅವನು, ಪಾಪ ನೋವಿಗೆ ಕೂತಿರ್ತಿತ್ತು.

ಸೊಪ್ಪು ತಿಂದು ಸ್ವಲ್ಪ ಚೇತರಿಸ್ಕೊಳ್ತು, ನಾನು ಕರೆದ್ರೆ ಕುಯ್ ಅನ್ನೋದು. ಏಪ್ರಿಲ್ ಕೊನೆಗೆ ತೂಕ 1,680. "ನೋಡಮ್ಮ ನಿಜವಾಗ್ಲೂ ಜೈಂಟೇ" ಅಂತ ಮಗಳು ಕುಣಿದ್ಲು. ಹೊಟ್ಟೆ ಎರಡೂ ಪಕ್ಕ ಜೋತು ಬಿದ್ದಿತ್ತು. ಒಂದಿನ ರಾತ್ರಿ ತೊಡೆ ಮೇಲೆ ಇಟ್ಕೊಂಡು ಸವರ್ತಿದ್ದಾಗ ಕೈ ಕೆಳಗೆ ಏನೋ ಒದ್ದ ಹಾಗಾಯ್ತು. ನಮ್ಮತ್ತೆ ಹಳ್ಳೀಲಿ ಎಮ್ಮೆ ಸಾಕಿದವ್ರು, ಒಂದು ಸಲ ಕೈ ಇಟ್ಟು ನೋಡಿ "ಇದು ಗಬ್ಬ ಐತಲ್ಲೇ" ಅಂದ್ರು. ಮೈಯೆಲ್ಲಾ ತಣ್ಣಗಾಯ್ತು ನಂಗೆ. ಭೀಮ ಹೆಣ್ಣು. ಆ ದೊಡ್ಡ ಗಾತ್ರ ಮಂಡಕ್ಕಿ ಬೊಜ್ಜು, ಮೇಲೆ ಮರಿ, ಅಷ್ಟೇ. ಪೆರೂನೂ ಇಲ್ಲ ಜೈಂಟೂ ಇಲ್ಲ.

ಪಶು ಡಾಕ್ಟರ್ ಒಬ್ರ ಹತ್ರ ಹೋದ್ವಿ. ಪುಣ್ಯಾತ್ಮ ನೇರವಾಗಿ ಹೇಳಿದ್ರು, "ನೋಡಮ್ಮ, ನಾನು ದನ, ಕುರಿ, ನಾಯಿ ನೋಡೋನು, ಇದರ ಆಪರೇಷನ್ ಬಂದ್ರೆ ನನ್ನ ಕೈಲಾಗಲ್ಲ." ಆದ್ರೂ ಮುಟ್ಟಿ ನೋಡಿ ವಿಷಯ ತಿಳಿಸಿದ್ರು. ಹೆಣ್ಣು ಗಿನಿಪಿಗ್ ಮೊದಲ ಸೂಲು ಆರೇಳು ತಿಂಗಳ ಒಳಗೆ ಆಗದಿದ್ರೆ ಸೊಂಟದ ಕೆಳಗಿನ ಮೂಳೆ ಕೂಡಿಕೊಂಡು ಗಟ್ಟಿ ಆಗ್ಬಿಡುತ್ತಂತೆ, ಹೆರಿಗೆ ಹತ್ರ ಬಂದಾಗ ಅದು ಒಂದು ಬೆರಳು ಅಗಲ ಬಿಟ್ಕೋಬೇಕು, ಇದಕ್ಕೆ ಬಿಟ್ಟೇ ಇಲ್ಲ. 6 ತಿಂಗಳ ಮರಿ ಅನ್ನೋದು ಸುಳ್ಳು, ವರ್ಷ ದಾಟಿದೆ ಅಂದ್ರು. ಬಸುರು 59ರಿಂದ 72 ದಿನ, ಮರಿಗಳು ಕಣ್ಣು ಬಿಟ್ಕೊಂಡು ಮೈತುಂಬಾ ಕೂದಲಿಟ್ಕೊಂಡೇ ಹುಟ್ತವೆ, ಅಷ್ಟು ಬೆಳೆದ ಮರಿ ಆ ಸಂದಿಯಿಂದ ಬರೋದು ಹೆಂಗೆ? ಶಿವಮೊಗ್ಗಕ್ಕೋ ಬೆಂಗಳೂರಿಗೋ ಕರ್ಕೊಂಡು ಹೋಗಿ, ತಡ ಮಾಡಬೇಡಿ ಅಂದ್ರು. ಸೋಮವಾರ ಹೋಗೋಣ ಅಂದ್ಕೊಂಡ್ವಿ.

ಶನಿವಾರ ರಾತ್ರಿಯೇ ನೋವು ಶುರು ಆಯ್ತು. ತಿಣುಕುತ್ತೆ, ಸುಮ್ನಾಗುತ್ತೆ, ಮತ್ತೆ ತಿಣುಕುತ್ತೆ, ರಕ್ತ ಬರ್ತಿದೆ, ಮರಿ ಬರ್ತಿಲ್ಲ. ಮಾಮೂಲಿ ಹೆರಿಗೆ ಅರ್ಧ ಗಂಟೇಲಿ ಮುಗಿಯುತ್ತಂತೆ, ಇದು ಮೂರು ತಾಸು ಆದ್ರೂ ಹಂಗೇ. ಬೆಳಗಿನ ಜಾವ ನಾಲ್ಕಕ್ಕೆ ಕಾರಲ್ಲಿ ಶಿವಮೊಗ್ಗಕ್ಕೆ ಹೊರಟ್ವಿ, ಒದ್ದೆ ಬಟ್ಟೇಲಿ ಸುತ್ತಿದ ಐಸ್ ಬಾಟಲ್ ಪಕ್ಕದಲ್ಲಿಟ್ಟು, ಯಾಕಂದ್ರೆ 27, 28 ಡಿಗ್ರಿ ದಾಟಿದ್ರೇನೇ ಇವಕ್ಕೆ ಕಷ್ಟ, ಮೇ ತಿಂಗಳಲ್ಲಿ ನಮ್ಮೂರು ಹೆಂಗಿರುತ್ತೆ ನಿಮಗೇ ಗೊತ್ತಲ್ಲ. ಆಪರೇಷನ್ ಮಾಡಿ ಮೂರು ಮರಿ ತೆಗೆದ್ರು, ಎರಡು ಒಳಗೇ ಸತ್ತಿದ್ವು. ಭೀಮ ಎಚ್ಚರ ಆಯ್ತು, ನನ್ನ ಬೆರಳು ಮೂಸಿತು, ವಾಪಸ್ ಬರೋವಾಗ ಹೊನ್ನಾಳಿ ದಾಟೋದ್ರೊಳಗೆ ಉಸಿರು ನಿಲ್ತು. ಅಲ್ಲಿನ ಡಾಕ್ಟರದ್ದು ಏನೂ ತಪ್ಪಿಲ್ಲ, ಬೊಜ್ಜು, ನಿಶ್ಶಕ್ತಿ, ತಡ, ಎಲ್ಲಾ ಸೇರಿತ್ತು.

ಉಳಿದ ಒಂದು ಮರಿ 78 ಗ್ರಾಂ. ಎರಡೆರಡು ತಾಸಿಗೆ ಎದ್ದು ಸಿರಿಂಜಲ್ಲಿ ಹನಿ ಹನಿ ಕುಡಿಸಿದ್ದು, ಒದ್ದೆ ಹತ್ತೀಲಿ ಕೆಳಗೆ ಒರೆಸಿ ಮಲ ಮಾಡಿಸಿದ್ದು ನಮ್ಮತ್ತೆ ಮತ್ತು ಮಗಳು. ಎರಡನೇ ದಿನಕ್ಕೇ ಗರಿಕೆ ಮೆಲ್ತು. ಈಗ ಐದು ತಿಂಗಳು, ತೂಕ 740. ಮಾಮೂಲಿ ಗಿನಿಪಿಗ್ ಎಷ್ಟಿರುತ್ತೋ ಅಷ್ಟೇ.

ಅವನಿಗೆ ಫೋನ್ ಮಾಡಿದೆ. "ಸತ್ತೋದ್ರೆ ನಾನೇನ್ ಮಾಡ್ಲಿ ಅಕ್ಕಾ, ಬೇಕಿದ್ರೆ ಅರ್ಧ ರೇಟಿಗೆ ಇನ್ನೊಂದು ಕೊಡ್ತೀನಿ" ಅಂದ.

ಹಾಗಾಗಿ ಆ ಫೋಟೋ ನಿಮಗೆ ಬಂದ್ರೆ ಫಾರ್ವರ್ಡ್ ಮಾಡಬೇಡ್ರಿ, ಶೆಡ್ಡಿಗೆ ಹೋಗಿ ಕನಿಕರಕ್ಕೆ ದುಡ್ಡು ಕೊಡಬೇಡ್ರಿ, ಆ ತಂತಿ ಗೂಡು ಕಂಡ್ರೆ ವಿಡಿಯೋ ಮಾಡ್ಕೊಂಡು ಪಶುಸಂಗೋಪನಾ ಇಲಾಖೆಗೆ ದೂರು ಕೊಡ್ರಿ, ನಾನೂ ಕೊಟ್ಟಿದೀನಿ, ಒಬ್ಬಳ ದೂರಿಗಿಂತ ಹತ್ತು ಜನರದ್ದು ಭಾರ. ಸಾಕಲೇಬೇಕು ಅಂದ್ರೆ ಸಾಕೋಕಾಗದೆ ಯಾರಾದ್ರೂ ಬಿಟ್ಟುಕೊಡ್ತಿರೋರ ಹತ್ರ ಪುಕ್ಕಟೆ ತಗೊಳ್ರಿ, ಮೊದಲು ತಿರುಗಿಸಿ ಹೊಟ್ಟೆ ಕೆಳಗಿನ ಮರ್ಮಾಂಗದ ಜಾಗ ನೋಡ್ರಿ, ಹೆಣ್ಣಿಗೆ ಅಲ್ಲಿ ಇಂಗ್ಲಿಷಿನ ವೈ ಅಕ್ಷರದ ಆಕಾರ ಕಾಣುತ್ತೆ.

ಈಗಾಗ್ಲೇ ಅವನ ಹತ್ರ "ಎರಡೂ ಗಂಡು" ಜೋಡಿ ತಂದಿದ್ರೆ, ಇವತ್ತು ರಾತ್ರಿಯೇ ತಿರುಗಿಸಿ ನೋಡಿ, ಒಂದು ಹೆಣ್ಣಾಗಿದ್ರೆ ಬೇರೆ ಬೇರೆ ಇಡ್ರಿ. ಮರಿ ಹಾಕಿದ ಕೆಲವೇ ತಾಸಿಗೆ ಹೆಣ್ಣು ಮತ್ತೆ ಗಬ್ಬ ಆಗಬಲ್ಲದು. ದಪ್ಪಂದು ಇದ್ರೆ ವಾರಕ್ಕೆರಡು ಸಲ ತೂಗ್ರಿ, ಏರ್ತಾನೇ ಹೋದ್ರೆ ನಾವು ಮಾಡಿದ ಹಾಗೆ ಸೋಮವಾರಕ್ಕೆ ಕಾಯಬೇಡ್ರಿ.