ಬೈಪಾಸ್ ಫ್ಯಾಟ್ ಪುಡಿ: ಕೆಲವು ವರ್ಷ ಬಳಸಿದ ಮೇಲೆ

ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ, ಜೊತೆಗೊಂದು ಸಣ್ಣ ಕೊಟ್ಟಿಗೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳಿವೆ, ಮಲೆನಾಡು ಗಿಡ್ಡ ಎಂಬ ಸಣ್ಣ ನಾಟಿ ತಳಿಯದೂ ಒಂದಿದೆ. ಬೈಪಾಸ್ ಫ್ಯಾಟ್ ಅಂದರೆ ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹೆಚ್ಚು ಕರಗದೆ ಮುಂದೆ ಹೋಗುವಂತೆ ಮಾಡಿದ ಕೊಬ್ಬು, ಮೇವಿಗೆ ಬೆರೆಸಿ ಕೊಡುವಂಥದ್ದು. ಹೊಸದಾಗಿ ಕರು ಹಾಕಿ ಜಾಸ್ತಿ ಹಾಲು ಕೊಡುವ ಹಸುವಿಗಾದರೆ ಈ ಪುಡಿಗೆ ಹಾಕಿದ ದುಡ್ಡಿಗೆ ಮೋಸವಿಲ್ಲ. ಉಳಿದವಕ್ಕೆ ಸುಮ್ನೆ ಖರ್ಚು.

"ಅದರ ಬದಲು ಬೂಸಾಕ್ಕೆ ಎಣ್ಣೆ ಸುರಿದರಾಯ್ತಲ್ವಾ?" ಎಂದು ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರು ಕೇಳುತ್ತಾರೆ. ಆಗುವುದಿಲ್ಲ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ, ಅದರಲ್ಲಿ ದೊಡ್ಡ ಹೊಟ್ಟೆ (ರೂಮೆನ್) ತುಂಬ ಸೂಕ್ಷ್ಮಜೀವಿಗಳು. ಹುಲ್ಲಿನ ನಾರು ಕರಗಿಸುವುದು ಅವೇ. ಎಣ್ಣೆಯಲ್ಲಿರುವ ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು ಅವಕ್ಕೆ ಆಗಿಬರುವುದಿಲ್ಲ. ಅದಕ್ಕೇ ಮೊದಲು ಕೊಬ್ಬನ್ನು ಒಡೆದು, ಆಮೇಲೆ ಹೈಡ್ರೋಜನ್ ಸೇರಿಸಿ ಸ್ಟಿಯರಿಕ್ ಆಮ್ಲದಂಥ ಗಟ್ಟಿ ಕೊಬ್ಬು ಮಾಡಿಬಿಡುತ್ತವೆ. ಎಣ್ಣೆ ಮಿತಿ ಮೀರಿದರೆ ಈ ಕೆಲಸ ಪೂರ್ತಿಯಾಗುವುದಿಲ್ಲ. ನಾರು ಕರಗದೆ ಉಳಿಯುತ್ತದೆ, ಹಾಲಿನ ಫ್ಯಾಟೂ ಇಳಿಯುತ್ತದೆ. ಮೇವಿನ ಒಣತೂಕದಲ್ಲಿ ಕೊಬ್ಬು ಶೇ. 6-7 ದಾಟಬಾರದು ಎನ್ನುವುದು ಇದಕ್ಕೇ.

ಈ ಪುಡಿ ತಾಳೆ ಎಣ್ಣೆಯ ಕೊಬ್ಬಿನಾಮ್ಲಕ್ಕೆ ಕ್ಯಾಲ್ಸಿಯಂ ಸೇರಿಸಿ ಮಾಡಿದ್ದು. ನಿಜ ಹೇಳಬೇಕೆಂದರೆ ಇದೂ ಒಂದು ಜಾತಿಯ ಸಾಬೂನೇ, ವಾಸನೆಯೂ ಹಾಗೇ. ದೊಡ್ಡ ಹೊಟ್ಟೆಯಲ್ಲಿ ಹೆಚ್ಚು ಕರಗದೆ ಮುಂದೆ ಹೋಗಿ, ಹುಳಿ ಜಾಸ್ತಿ ಇರುವ ನಾಲ್ಕನೇ ಹೊಟ್ಟೆಯಲ್ಲಿ ಒಡೆಯುತ್ತದೆ. ಆದರೆ ಗಂಜಿ, ಜೋಳದ ಹಿಟ್ಟು ಅತಿಯಾಗಿ ಕೊಟ್ಟು ದೊಡ್ಡ ಹೊಟ್ಟೆಯನ್ನೇ ಹುಳಿ ಮಾಡಿಟ್ಟರೆ ಪುಡಿ ಅಲ್ಲೇ ಒಡೆಯುತ್ತದೆ. ಬೈಪಾಸ್ ಎಲ್ಲಿ ಬಂತು? ನಾನು ತಂದ ಚೀಲದ ಮೇಲೆ ಈ ವಿಷಯ ಬರೆದಿರಲಿಲ್ಲ.

ಕರು ಹಾಕಿದ ಮೊದಲ ಮೂರು ತಿಂಗಳು, ಹಾಲು ನೋಡಿಕೊಂಡು ದಿನಕ್ಕೆ 100ರಿಂದ 200 ಗ್ರಾಂ, ಎರಡು ಹೊತ್ತಿಗೆ ಹಂಚಿ ಕೊಡುತ್ತೇನೆ. ಮೊದಮೊದಲು ಮೂತಿ ತಿರುಗಿಸುತ್ತವೆ, ಹಿಂಡಿಯಲ್ಲಿ ಸ್ವಲ್ಪಸ್ವಲ್ಪವೇ ಬೆರೆಸಿ ರೂಢಿ ಮಾಡಿಸಬೇಕು. ಹಾಲು ಒಂದಿಷ್ಟು ಏರಿತು. ಅದಕ್ಕಿಂತ ನನಗೆ ಖುಷಿಯಾಗಿದ್ದು ಹಸು ಸೊರಗುವುದು ಕಮ್ಮಿಯಾಗಿದ್ದು. ಬೆದೆಗೂ ಬೇಗ ಬಂದವು.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡಗಿನ ತಿಂಗಳು) ಮಳೆಯಲ್ಲಿ ಎಳೆ ಹುಲ್ಲು ಬರೀ ನೀರು. ಆಗ ಡೇರಿಯಲ್ಲಿ ಫ್ಯಾಟ್ ಇಳಿದರೆ ಈ ಪುಡಿಯನ್ನು ನಂಬಿ ಕೂರಬೇಡಿ, ಒಣ ಭತ್ತದ ಹುಲ್ಲು ಹಾಕಿ. ಚೀಲ ಬಿಚ್ಚಿಟ್ಟರೆ ನಮ್ಮ ಥಂಡಿಗೆ ಪುಡಿ ಗಂಟು ಕಟ್ಟುತ್ತದೆ. ಗಟ್ಟಿ ಮುಚ್ಚಳದ ಡ್ರಮ್ ಬೇಕೇಬೇಕು.

ಗಿಡ್ಡಕ್ಕೆ ಮಾತ್ರ ಒಂದು ಚಮಚವೂ ಹಾಕಿಲ್ಲ. ಅದು ಕೊಡುವ ಹಾಲಿಗೆ ತೋಟದ ಹುಲ್ಲೇ ಸಾಕು.