ಪೇಟೆಗೂ ಹಳ್ಳಿಗೂ ನಡುವಿನ ದಾರಿ: ‘ಬಿರ್ ಬಾಷ್ಕಾದಿರ್’

ತುರ್ಕಿಯ ಧಾರಾವಾಹಿಗಳಲ್ಲಿ ಪೇಟೆಯೆಂದರೆ ಹೆಚ್ಚಾಗಿ ಇಸ್ತಾಂಬುಲ್‌ನ ಬಾಸ್ಫರಸ್ ಜಲಸಂಧಿಯ ದಂಡೆಯ ಬಂಗಲೆ, ಹಳ್ಳಿಯೆಂದರೆ ಜಮೀನ್ದಾರರ ಕಲ್ಲಿನ ಮನೆ. ಕಪಡೋಕಿಯಾದ ಅಂಥದೊಂದು ಮನೆಗೆ ಪೇಟೆಯ ಸೊಸೆಯನ್ನು ತಂದ, 2002ರಲ್ಲಿ ಆರಂಭವಾದ ‘ಅಸ್ಮಾಲಿ ಕೊನಾಕ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ನೆಟ್‌ಫ್ಲಿಕ್ಸ್‌ನಲ್ಲಿ 2020ರ ನವೆಂಬರ್‌ನಲ್ಲಿ ಬಂದ, ಬೆರ್ಕುನ್ ಓಯಾ ಬರೆದು ನಿರ್ದೇಶಿಸಿದ ಎಂಟು ಕಂತುಗಳ ‘ಬಿರ್ ಬಾಷ್ಕಾದಿರ್’ ಈ ಎರಡೂ ಮನೆಗಳ ಗೊಡವೆಗೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಇದರ ಹೆಸರು ‘ಎಥೋಸ್’.

ಮೆರ್ಯೆಮ್ ಇಸ್ತಾಂಬುಲ್‌ನ ಅಂಚಿನಲ್ಲಿ ಅಣ್ಣ ಅತ್ತಿಗೆಯರೊಂದಿಗೆ ಇದ್ದುಕೊಂಡು, ಪೇಟೆಯ ಶ್ರೀಮಂತನೊಬ್ಬನ ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳು. ಟಿಟ್ವಾಳಾದಿಂದ ಮುಂಬಯಿ ಲೋಕಲ್ ರೈಲು ಹಿಡಿದು ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಬರುವ ಮನೆಗೆಲಸದ ಬಾಯಿಯಂತೆ ಇವಳೂ ದಿನಕ್ಕೆರಡು ಬಾರಿ ಒಂದು ಲೋಕದಿಂದ ಇನ್ನೊಂದಕ್ಕೆ ದಾಟುತ್ತಾಳೆ. ಕಾರಣ ತಿಳಿಯದೆ ಮೂರ್ಛೆ ಹೋಗುವ ಅವಳನ್ನು ಆಸ್ಪತ್ರೆಯವರು ಮನೋವೈದ್ಯೆ ಪೆರಿಯ ಬಳಿಗೆ ಕಳುಹಿಸುತ್ತಾರೆ. ಊರಿನ ಧರ್ಮಗುರು ಹೋಜಾನನ್ನು ಕೇಳದೆ ಹೆಜ್ಜೆಯಿಡದ ಮೆರ್ಯೆಮ್ ಮತ್ತು ಅವಳ ತಲೆವಸ್ತ್ರವನ್ನು ಕಂಡರೇ ಒಳಗೊಳಗೆ ಮುಜುಗರಪಡುವ ಪೆರಿ ಎದುರುಬದುರು ಕೂರುವ ದೃಶ್ಯಗಳೇ ಸರಣಿಯ ಜೀವ. ಮೆರ್ಯೆಮ್ ಪಾತ್ರದ ಓಯ್ಕು ಕರಾಯೆಲ್ ಮಾತಿನ ನಡುವೆ ತಡೆದು, ತಾನೇ ನಕ್ಕು, ಹೇಳಬೇಕಾದುದನ್ನು ಬಳಸಿಕೊಂಡು ಹೋಗುವ ಪರಿ ಅಪೂರ್ವವಾದುದು. ಆದರೆ ಇಂಗ್ಲಿಷ್ ಉಪಶೀರ್ಷಿಕೆಗಳಲ್ಲಿ ಇಬ್ಬರ ಭಾಷೆಯೂ ಒಂದೇ. ಮಾಟುಂಗದ ಹೋಟೆಲಿನ ಗಲ್ಲೆಯಲ್ಲಿ ಕೇಳಿಸುವ ಕುಂದಾಪ್ರ ಕನ್ನಡವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿಟ್ಟರೆ ಏನಾದೀತೋ ಅದೇ ಇಲ್ಲಿಯೂ ಆಗಿದೆ.

ನನಗೆ ಹೆಚ್ಚು ಮೆಚ್ಚುಗೆಯಾದುದು ಹಳ್ಳಿಯ ಚಿತ್ರಣ. ಮುಂಬಯಿಯಲ್ಲಿ ಕುಳಿತು ಊರೆಂದರೆ ಕೋಲ, ಯಕ್ಷಗಾನ, ಮಿಡಿ ಉಪ್ಪಿನಕಾಯಿ ಎಂದಷ್ಟೇ ನೆನೆಯುವ ನಮಗೆ ಅತ್ತಿಗೆ ರುಹಿಯೆಯ ಕಥೆ ಸುಲಭಕ್ಕೆ ಜೀರ್ಣವಾಗುವಂಥದಲ್ಲ. ಅವಳಿಗೆ ಹುಟ್ಟಿದೂರು ತಂಪಿನ ತಾವಲ್ಲ, ಗಾಯವಾದ ಜಾಗ. ಅಲ್ಲಿಗೆ ಮರಳಿ ಹೋಗುವುದೆಂದರೆ ತನಗೆ ಅನ್ಯಾಯ ಮಾಡಿದವನೆದುರು ನಿಲ್ಲುವುದು. ಪೇಟೆ ಕೆಡಿಸಿತು, ಹಳ್ಳಿ ಕಾಯಿತು ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೊರತೆಯೂ ಇದೆ. ಮೆರ್ಯೆಮ್ ಕೆಲಸಕ್ಕೆ ಹೋಗುವ ಮನೆಯ ಸಿನಾನ್‌ನ ಒಂಟಿತನವನ್ನು ತೋರಿಸಿದಷ್ಟು ಅದರ ಮೂಲವನ್ನು ಕೆದಕಿಲ್ಲ, ಕೊನೆಯ ಕಂತಿನಲ್ಲಿ ಗಂಟುಗಳು ತುಸು ಬೇಗನೆ ಸಡಿಲಗೊಳ್ಳುತ್ತವೆ. ಆದರೂ ಒಂದೊಂದು ಕಂತು ಎರಡು ಗಂಟೆ ಮೀರುವ ತುರ್ಕಿ ಟಿವಿ ಧಾರಾವಾಹಿಗಳಿಗೆ ಹೆದರಿದವರು ಇದನ್ನು ಧೈರ್ಯವಾಗಿ ನೋಡಬಹುದು. ಐದರಲ್ಲಿ ನಾಲ್ಕು ಅಂಕ. ಡಬ್ಬಿಂಗ್ ಬೇಡ, ಅರ್ಥವಾಗದಿದ್ದರೂ ಮೂಲ ತುರ್ಕಿ ದನಿಯಲ್ಲೇ ಕೇಳಿ.