ಸ್ಯಾವೇಜ್ 111 ಎಫ್‌ಸಿಎಕ್ಸ್‌ಪಿ3: ಅಕ್ಷರ ಓದಿ, ಆಮೇಲೆ ದುಡ್ಡು ಕೊಡಿ

ಈ ರೈಫಲ್ ಹೆಸರು ಮೊದಲ ಸಲ ನೋಡಿದವರಿಗೆ ಯಾರದೋ ವೈ-ಫೈ ಪಾಸ್‌ವರ್ಡ್ ಥರ ಕಾಣುತ್ತದೆ. ಆದರೆ ಸ್ಯಾವೇಜ್ ಕಂಪನಿಯ ಹಳೆ ಹೆಸರುಗಳಲ್ಲಿ ಒಂದಕ್ಷರವೂ ಸುಮ್ನೆ ಕೂತಿಲ್ಲ. ಓದೋದು ಗೊತ್ತಿದ್ದರೆ ಡಬ್ಬ ಬಿಚ್ಚುವ ಮೊದಲೇ ಒಳಗೇನಿದೆ ಅಂತ ಹೇಳಬಹುದು. ನಾನು ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಜಿಂಕೆ ಸೀಸನ್‌ಗೆ ಬಳಸುತ್ತಿದ್ದೇನೆ, ಥರ್ಟಿ ಆಟ್ ಸಿಕ್ಸ್ (.30-06) ತೋಟಾದ್ದು, ಅಂದರೆ ಆ ಅಳತೆಯ ಕಾಡತೂಸು ಹಾಕುವಂಥದ್ದು. ರಿವ್ಯೂ ಕೂಡ ಅಕ್ಷರದ ಲೆಕ್ಕದಲ್ಲೇ ಬರೆಯುತ್ತೇನೆ.

ಮೊದಲು ಅಂಕಿ. ಈ ಮನೆತನದ ಹಿರಿಯ 110, ನಿಕೋಲಸ್ ಬ್ರೂವರ್ ಡಿಸೈನ್ ಮಾಡಿದ್ದು, 1958ರಲ್ಲಿ ಮಾರುಕಟ್ಟೆಗೆ ಬಂತು. ಆಮೇಲೆ ಹುಟ್ಟಿದವುಗಳಲ್ಲಿ ಮೂರಂಕಿ ಇದ್ದರೆ ಲಾಂಗ್ ಆಕ್ಷನ್ (ಆಕ್ಷನ್ ಅಂದರೆ ತೋಟಾ ಒಳಗೆ ತಳ್ಳಿ ಹೊರಗೆಳೆಯುವ ಬೋಲ್ಟು ಓಡಾಡುವ ಭಾಗ), ಎರಡಂಕಿ ಇದ್ದರೆ ಶಾರ್ಟ್. 111 ಮತ್ತು 11 ಎರಡೂ ಬೇಟೆ ರೈಫಲ್‌ಗಳೇ. ಒಂದು ಉದ್ದದ ತೋಟಾಗೆ, ಇನ್ನೊಂದು .308, .243 ಥರದ ಗಿಡ್ಡ ತೋಟಾಗೆ. 116 ಮತ್ತು 16 ಸ್ಟೇನ್‌ಲೆಸ್ ಜೋಡಿ. 12 ಅಂದರೆ ದಪ್ಪ ನಳಿಗೆಯದು, ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುವವರಿಗಲ್ಲ.

ಎಫ್ ಅಂದರೆ ಸಿಂಥೆಟಿಕ್ ಸ್ಟಾಕ್, ಅಂದರೆ ನಳಿಗೆ ಕೂರುವ, ಹೆಗಲಿಗೆ ಒತ್ತಿ ಹಿಡಿಯುವ ಭಾಗ. ಮರ ಬೇಕಿದ್ದರೆ ಜಿ, ಪದರ ಅಂಟಿಸಿದ ಮರ ಬೇಕಿದ್ದರೆ ಬಿ. ಎಫ್ ಹಗುರ, ಮಳೆಗೆ ಉಬ್ಬುವುದಿಲ್ಲ, ಗೀಚಿದರೂ ಮನಸ್ಸಿಗೆ ನೋವಾಗುವುದಿಲ್ಲ. ಆದರೆ ಮುಂದಿನ ಭಾಗ ಬಾಗುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. ಒಂದು ಡಾಲರ್ ನೋಟನ್ನು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ, ಆರಾಮಾಗಿ ಜಾರುತ್ತದೆ. ಈಗ ಅದೇ ಮುಂಭಾಗವನ್ನು ಎಡಗೈಯಲ್ಲಿ ನಳಿಗೆ ಕಡೆಗೆ ಒತ್ತಿ ಹಿಡಿದು ಇನ್ನೊಮ್ಮೆ ಎಳೆಯಿರಿ, ನೋಟು ಸಿಕ್ಕಿಹಾಕಿಕೊಳ್ಳುತ್ತದೆ. ಬೈಪಾಡ್ (ಮುಂದಿನ ಎರಡು ಕಾಲಿನ ಊರುಗೋಲು) ಹಾಕಿ ಭಾರ ಬಿಟ್ಟರೂ ಇದೇ ಕಥೆ, ಗುಂಡು ಬೀಳುವ ಜಾಗ ಬದಲಾಗುತ್ತದೆ. ಮರಳಿನ ಚೀಲದ ಮೇಲೆ ಸ್ವಲ್ಪ ಹಿಂದಕ್ಕಿಟ್ಟು ಹೊಡೆದರೆ ತಕರಾರಿಲ್ಲ.

ಸಿ ಅಂದರೆ ಕಳಚುವ ಮ್ಯಾಗಜೀನ್, ತೋಟಾ ತುಂಬುವ ಡಬ್ಬಿ. ನನಗೆ ಇಷ್ಟ, ಜೀಪ್ ಹತ್ತುವಾಗ ಮ್ಯಾಗಜೀನ್ ಕಳಚಿ, ಚೇಂಬರ್ (ನಳಿಗೆ ಬುಡದಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಬೆರಳಿಟ್ಟು ನೋಡಿದರೆ ಆಯಿತು. ಆದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಅಕ್ಷರ ಕಂಡ ಕೂಡಲೇ ಮ್ಯಾಗಜೀನ್ ಎಲ್ಲಿ ಅಂತ ಕೇಳಬೇಕು. ನಾನು ಕೊಂಡ ಅಂಗಡಿಯಲ್ಲಿ ಅದಿಲ್ಲದೆಯೇ ಬಿಲ್ ಮಾಡಲು ಹೊರಟಿದ್ದರು, ಕೇಳಿದ ಮೇಲೆ ಯಾವುದೋ ಡ್ರಾಯರ್‌ನಿಂದ ಹುಡುಕಿ ಕೊಟ್ಟರು!

ಎಕ್ಸ್‌ಪಿ ಅಂದರೆ ಪ್ಯಾಕೇಜ್, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿಯೇ ಕೊಡುತ್ತಾರೆ. ಕೊನೆಯ 3 ಅಂದರೆ 3-9x40 ಸ್ಕೋಪ್, ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 40 ಮಿ.ಮೀ. ಇರುವಂಥದ್ದು. ಹೊಸಬರಿಗೆ ಅನುಕೂಲವೇ, ಸುಳ್ಳಲ್ಲ. ಆದರೂ ಈ ಸ್ಕೋಪ್ ಕಡಿಮೆ ದರ್ಜೆಯದು, ಸಂಜೆ ಬೆಳಕು ಇಳಿಯುತ್ತಿದ್ದಂತೆ ಮಂಕಾಗುತ್ತದೆ. ಜಿಂಕೆ ಹೊರಗೆ ಬರುವುದೂ ಆಗಲೇ ಅಲ್ವಾ.

ಇಲ್ಲದ ಅಕ್ಷರಗಳನ್ನೂ ಓದಬೇಕು. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಇಲ್ಲ, ಅಂದರೆ ಮಾಮೂಲಿ ಉಕ್ಕು, ಒದ್ದೆಯಾದ ದಿನ ಒರೆಸಿ ಎಣ್ಣೆ ಹಚ್ಚದೆ ಇಟ್ಟರೆ ತುಕ್ಕು ಗ್ಯಾರಂಟಿ. ಎಲ್ ಇಲ್ಲ, ಬಲಗೈಯವರಿಗೆ ಮಾತ್ರ. ಎಡಗೈಯವರು ಎಲ್ ಇರುವುದನ್ನೇ ಹುಡುಕಿ, ಅವರನ್ನು ನೆನಪಿಟ್ಟುಕೊಂಡ ಕಂಪನಿಗಳಲ್ಲಿ ಸ್ಯಾವೇಜ್ ಮುಂದಿದೆ.

ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರುವುದಿಲ್ಲ ಅನ್ನೋದೇ ತಲೆನೋವು. ಸ್ಯಾವೇಜ್‌ನಲ್ಲಿ ಕೆ ಅಂದರೆ ನಳಿಗೆ ತುದಿಯಲ್ಲಿ ಒದೆತ ಕಡಿಮೆ ಮಾಡುವ ಮಜಲ್ ಬ್ರೇಕ್, ಇನ್ನೊಂದು ಕಂಪನಿ ರೂಗರ್‌ನಲ್ಲಿ ಕೆ ಅಂದರೆ ಸ್ಟೇನ್‌ಲೆಸ್. ರೂಗರ್ ಎಂ77 ಆರ್‌ಎಲ್ ಹಗುರದ ರೈಫಲ್, ಎಂ77 ಎಲ್‌ಆರ್ ಎಡಗೈಯದು. ಎರಡಕ್ಷರ ಹಿಂದುಮುಂದಾದರೆ ಬೇರೆ ಕೋವಿಯೇ ಮನೆಗೆ ಬರುತ್ತದೆ. ರೆಮಿಂಗ್ಟನ್ 700ರಲ್ಲಂತೂ ಎಡಿಎಲ್‌ಗಿಂತ ಬಿಡಿಎಲ್ ದುಬಾರಿ. ಎಡಿಎಲ್‌ಗೆ ಕೆಳಗೆ ಬಾಗಿಲಿಲ್ಲ, ಬಿಡಿಎಲ್‌ನಲ್ಲಿ ಕೆಳಗಿನ ತಟ್ಟೆ ತೆರೆದು ತೋಟಾಗಳನ್ನು ಒಟ್ಟಿಗೆ ಇಳಿಸಬಹುದು. ನಮ್ಮ ಮಲೆನಾಡಿನ ಕಡೆ ಒಂಟಿನಳಿಗೆ, ಜೋಡುನಳಿಗೆ, ಕೇಪಿನ ಕೋವಿ ಅಂದರೆ ಮಾತು ಮುಗಿಯಿತು.

ಹೆಸರು ಹೇಳದ ಸಂಗತಿಗಳೂ ಇವೆ. ಆಕ್ಯುಟ್ರಿಗರ್ (ಒತ್ತುವ ಬಿಗಿ ಹೊಂದಿಸಿಕೊಳ್ಳಬಹುದಾದ ಸ್ಯಾವೇಜ್ ಟ್ರಿಗರ್) ಇದೆಯೋ ಇಲ್ಲವೋ ಕಣ್ಣಲ್ಲೇ ನೋಡಬೇಕು, ಇದ್ದರೆ ಟ್ರಿಗರ್ ಮಧ್ಯೆ ತೆಳ್ಳನೆಯ ಪಟ್ಟಿ ಎದ್ದಿರುತ್ತದೆ. ಇನ್ನು ಸ್ಯಾವೇಜ್ ನಳಿಗೆಯ ಬುಡದಲ್ಲಿ ಗೀರುಗೀರಾದ ಒಂದು ದೊಡ್ಡ ನಟ್ ಇರುತ್ತದೆ, ಬೋಲ್ಟಿನ ತಲೆಯೂ ಕಳಚಿ ಬರುತ್ತದೆ. ಹಾಗಾಗಿ ನಳಿಗೆ ಬದಲಿಸುವುದು ಬೇರೆ ರೈಫಲ್‌ಗಳಿಗಿಂತ ಸುಲಭ, ಬದಲಿಸುವವರೂ ಜಾಸ್ತಿ. ಹಿಂದಿನ ಮಾಲೀಕ ಏನು ಮಾಡಿದ್ದಾನೋ ಡಬ್ಬದ ಮೇಲಿನ ಚೀಟಿಗೆ ಗೊತ್ತಿರುವುದಿಲ್ಲ. ತೋಟಾ ಯಾವುದು ಅನ್ನೋದನ್ನು ನಳಿಗೆ ಮೇಲಿನ ಮುದ್ರೆ ನೋಡಿ ತಿಳಿಯಿರಿ, ನಟ್ ಮೇಲೆ ಪಾನಾ ಹಾಕಿದ ಗುರುತು ಕಂಡರೆ ಗನ್‌ಸ್ಮಿತ್ (ಕೋವಿ ರಿಪೇರಿಯವನ) ಹತ್ತಿರ ಒಮ್ಮೆ ತೋರಿಸಿ.

2018ರಲ್ಲಿ ಕಂಪನಿ ಹೆಚ್ಚಿನವನ್ನು ಮತ್ತೆ 110ರ ಕೆಳಗೆ ತಂದು ಸ್ಟಾರ್ಮ್, ಹಂಟರ್, ಟ್ಯಾಕ್ಟಿಕಲ್ ಅಂತ ಹೆಸರಿಟ್ಟಿತು. ಬಾಯಲ್ಲಿ ಹೇಳಲು ಚೆನ್ನ. ಆದರೆ ಈಗ ಶಾರ್ಟ್ ಆಕ್ಷನ್ ಕೂಡ 110, ಸ್ಟಾರ್ಮ್ ಅಂದರೆ ಸ್ಟೇನ್‌ಲೆಸ್ ಅಂತ ಹೊರಗಿನವರಿಗೆ ಹೇಗೆ ತಿಳಿಯಬೇಕು? ನನಗೆ ಹಳೆ ಪದ್ಧತಿಯೇ ವಾಸಿ.

ರೈಫಲ್‌ಗೆ ಐದಕ್ಕೆ ನಾಲ್ಕು ಸ್ಟಾರ್, ಕಳೆದ ಒಂದು ಸ್ಟಾರ್ ಎಫ್‌ನದು. ಎಕ್ಸ್‌ಪಿ ಇದೆ ಅಂತ ಜಾಸ್ತಿ ಕೇಳಿದರೆ ಚೌಕಾಸಿ ಮಾಡಿ. ಆ ಸ್ಕೋಪನ್ನು ಹೇಗೂ ಬದಲಿಸುತ್ತೀರಿ.